ಶಾಲು ಸಾಕು, ಸಂಬಳ ಕೊಡಿ

ಕನ್ನಡದಲ್ಲಿ ಸದ್ಯಕ್ಕೆ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಮಾತು ‘ಸಮರ್ಪಣಾ ಭಾವ’. ಸಂಗೀತ ಕಲಿಸುವವರೊಬ್ಬರನ್ನು ವೇದಿಕೆಯ ಮೇಲೆ ಕೂರಿಸಿ ಯಾರಾದರೂ ಈ ಮಾತು ಎತ್ತಿದರೆಂದರೆ, ಆ ಮನುಷ್ಯನಿಗೆ ದುಡ್ಡು ಕೊಡುವ ವಿಚಾರ ಅಲ್ಲಿ ಯಾರ ತಲೆಯಲ್ಲೂ ಇಲ್ಲ ಎಂದು ತಿಳಿಯಬೇಕು. ಒಂದು ಶಾಲು ಬರುತ್ತದೆ, ಒಂದು ಹಾರ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಮೇಲೊಂದು ನೆನಪಿನ ಕಾಣಿಕೆ. ಸಂಜೆಯೊಳಗೆ ಫೋಟೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಮರುದಿನ ಸನ್ಮಾನಿತರು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಮುಂದೆ ಎಂದಿನಂತೆ ನಿಂತಿರುತ್ತಾರೆ. ಶಾಲು ಒತ್ತೆಯಿಟ್ಟು ಸಾಲ ಕೊಡುವ ಅಂಗಡಿ ನಮ್ಮ ಜಿಲ್ಲೆಯಲ್ಲಂತೂ ಇಲ್ಲ.

ನಾನು ಹೊನವಾಡದವಳು. ತಿಕೋಟಾ ತಾಲ್ಲೂಕು, ಸುತ್ತ ದ್ರಾಕ್ಷಿ ತೋಟ, ಮಣೂಕ ಒಣಗಿಸುವ ಶೆಡ್ಡುಗಳು, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ನೆಲ. ಇಂಥ ಊರಲ್ಲಿ ಗಿಟಾರ್ ಕಲಿಸುವವರಿದ್ದರು, ನಾನು ಅವರ ಹತ್ತಿರ ಎಂಟನೇ ಇಯತ್ತೆಯಿಂದ ಕಲಿತೆ ಎಂದರೆ ಬೆಂಗಳೂರಿನ ಗೆಳತಿಯರು ಈಗಲೂ ನಂಬುವುದಿಲ್ಲ. ನಮ್ಮ ಮಾಸ್ತರು ಒಂದು ಕಾಲಕ್ಕೆ ಜಾತ್ರೆಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ವಿಜಯಪುರ, ಸೊಲ್ಲಾಪುರ, ಅಥಣಿ ಸುತ್ತಿ, ಕೊನೆಗೆ ಊರಿಗೆ ಬಂದು ನೆಲೆಸಿದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಹುಡುಕಿಕೊಂಡು ಹೋಗಿ ಇನ್ನೊಂದು ಶಾಲು ಹೊದಿಸಿಯಾರು ಎಂಬ ಹೆದರಿಕೆ.

ಅವರು ಕಲಿಸುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ‘ದೇವರಂಥ ಗುರು’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಅಲ್ಲಿ ಎಷ್ಟು ಕೆಲಸ ನಡೆಯುತ್ತದೆ ಎಂಬುದನ್ನೇ ಮರೆಮಾಡುತ್ತಾರೆ. ಮೊದಲ ತಿಂಗಳು ನಮ್ಮ ಕೈಗೆ ಗಿಟಾರ್ ಕೊಡಲಿಲ್ಲ. ತೊಡೆ ತಟ್ಟುತ್ತ ನಾಲ್ಕರ ಲೆಕ್ಕ, ಮೂರರ ಲೆಕ್ಕ ಹಾಕಿಸಿದರು. ‘ಮೊದಲ ಕಿವಿ ಬರಲಿ, ಕೈ ಹಿಂದಿಂದ ಬರ್ತಾವ’ ಎನ್ನುತ್ತಿದ್ದರು. ಆಮೇಲೆ ಎರಡು ವಾರ ಬರೀ ಶ್ರುತಿ. ಫ್ರೆಟ್ಟಿಗೆ ಅವರು ‘ಮನಿ’ ಎನ್ನುತ್ತಿದ್ದರು. ಎಲ್ಲಕ್ಕಿಂತ ದಪ್ಪ ತಂತಿಯ ಐದನೇ ಮನಿ ಒತ್ತಿದರೆ ಬರುವ ಸ್ವರ, ಅದರ ಪಕ್ಕದ ತಂತಿಯನ್ನು ಏನೂ ಒತ್ತದೆ ಮೀಟಿದಾಗ ಬರಬೇಕಾದ ಸ್ವರ. ಹೀಗೆ ಒಂದನ್ನು ಹಿಡಿದು ಇನ್ನೊಂದನ್ನು ಕೂಡಿಸುತ್ತ ಹೋಗಬೇಕು. ಮೂರನೇ ತಂತಿಯಿಂದ ಎರಡನೆಯದಕ್ಕೆ ಬರುವಾಗ ಮಾತ್ರ ಐದರ ಬದಲು ನಾಲ್ಕನೇ ಮನಿ. ‘ಅಲ್ಲಿ ಯಾಕ್ರಿ ಸರ ನಾಕು?’ ಎಂದು ನಾವು ಕೇಳಿದಾಗ ಬಾಯಿಂದ ಉತ್ತರ ಹೇಳಲಿಲ್ಲ. ಐದಕ್ಕೆ ಶ್ರುತಿ ಮಾಡಿ ಒಂದು ಹಾಡು, ನಾಲ್ಕಕ್ಕೆ ಮಾಡಿ ಅದೇ ಹಾಡು ನುಡಿಸಿದರು. ಮೊದಲನೆಯ ಸಲ ಕೈ ಎಲ್ಲೆಲ್ಲೋ ಹಿಗ್ಗಿ ಒದ್ದಾಡಿತು, ಎರಡನೆಯ ಸಲ ಬೆರಳು ಸಲೀಸಾಗಿ ಕೂತವು. ನಮಗೆ ತಿಳಿಯಿತು.

ಗಿಟಾರ್ ಹಿಡಿದವರಿಗೆಲ್ಲ ಎಫ್ ಕಾರ್ಡ್ ಎಂಬ ಕಂಟಕ ಗೊತ್ತಿರುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಿ, ಉಳಿದ ಬೆರಳುಗಳಿಂದ ಬೇರೆ ಸ್ವರ ಹಿಡಿಯಬೇಕು. ಬಹಳ ಮಂದಿ ಗಿಟಾರ್ ಬಿಡುವುದೇ ಇಲ್ಲಿ. ನನ್ನ ಕೈ ಸಣ್ಣದು. ಮಾಸ್ತರು ಒಂದು ಸಂಜೆಯೆಲ್ಲ ನನ್ನ ಹೆಬ್ಬೆರಳು ಕುತ್ತಿಗೆಯ ಹಿಂದೆ ಎಲ್ಲಿ ಕೂರುತ್ತದೆ ಎಂದೇ ನೋಡುತ್ತಿದ್ದು, ‘ಹಂಗ ಬಿಗಿ ಹಿಡೀಬ್ಯಾಡವ್ವಾ, ಅದೇನ್ ಕುಡಗೋಲಲ್ಲ’ ಎಂದರು. ಆಮೇಲೆ ಕೆಳಗಿನ ನಾಲ್ಕೇ ತಂತಿಗಳಲ್ಲಿ ಹಿಡಿಯುವ ಸಣ್ಣ ಎಫ್ ತೋರಿಸಿ, ಆರು ತಿಂಗಳು ಅದರಲ್ಲೇ ಬಿಟ್ಟರು. ಆರು ತಂತಿಗಳ ಪೂರ್ತಿ ಎಫ್ ಯಾವಾಗ ಬಂತೋ ನನಗೇ ಗೊತ್ತಾಗಲಿಲ್ಲ. ನನ್ನ ಜೊತೆಗಿದ್ದ ಉದ್ದ ಬೆರಳಿನ ಹುಡುಗನಿಗೆ ಮೊದಲ ದಿನದಿಂದಲೇ ಪೂರ್ತಿ ಎಫ್. ಹನ್ನೊಂದು ಮಕ್ಕಳು, ಮೂರು ಗಿಟಾರ್, ಹನ್ನೊಂದು ಬೇರೆ ಬೇರೆ ದಾರಿ. ಯೂಟ್ಯೂಬ್ ಇರುವಾಗ ಮಾಸ್ತರು ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ವಿಡಿಯೋವನ್ನು ನಾವು ನೋಡುತ್ತೇವೆ, ವಿಡಿಯೋ ನಮ್ಮ ಕೈ ನೋಡುವುದಿಲ್ಲ.

ನಮ್ಮ ಕಡೆಯ ಬೇಸಿಗೆ ಗಿಟಾರಿಗೆ ಯಮ. ಕಟ್ಟಿಗೆ ಒಣಗಿ ಕುಗ್ಗುತ್ತದೆ, ಫ್ರೆಟ್ಟುಗಳ ತುದಿ ಹೊರಗೆ ಚಾಚಿ ಅಂಗೈ ಕೊರೆಯುತ್ತದೆ. ಮಾರ್ಚ್ ಬಂತೆಂದರೆ ಮಾಸ್ತರು ಸಣ್ಣ ಅರ ಹಿಡಿದು ಆ ತುದಿಗಳನ್ನು ಉಜ್ಜುತ್ತಿದ್ದರು. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಅರಿವೆ ಇಟ್ಟು, ಅದನ್ನು ಗಿಟಾರಿನ ಚೀಲದೊಳಗೆ ಇಡುತ್ತಿದ್ದರು, ಕಟ್ಟಿಗೆಗೆ ತುಸು ತೇವ ಸಿಗಲಿ ಎಂದು. ತಂತಿ ಹರಿದರೆ ಅವರದೇ ಖರ್ಚು. ಫೀಸು ಕೇಳಿದರೆ ‘ಇದ್ದಾಗ ಕೊಡ್ರಿ’. ನಮ್ಮೂರಿನವರಿಗೆ ಅದು ‘ಇಲ್ಲದಾಗ ಬಿಡ್ರಿ’ ಎಂದು ಕೇಳಿಸಿತು, ಇದ್ದಾಗಲೂ ಹಾಗೆಯೇ ಕೇಳಿಸಿತು. ಸುಗ್ಗಿಯಲ್ಲಿ ಕೆಲವರು ಒಂದು ಪೆಟ್ಟಿಗೆ ಮಣೂಕ ಕೊಡುತ್ತಿದ್ದರು. ಒಳ್ಳೆಯ ಮಣೂಕ, ಅದರಲ್ಲಿ ಅನುಮಾನವಿಲ್ಲ.

ಇದೇ ಊರಲ್ಲಿ ದ್ರಾಕ್ಷಿ ಚಾಟ್ನಿಗೆ ಬರುವ ಗ್ಯಾಂಗಿಗೆ ಎಕರೆ ಲೆಕ್ಕದಲ್ಲಿ ಕೂಲಿ. ಎಲ್ಲಿ ಕತ್ತರಿಸಬೇಕು, ಎಷ್ಟು ಕಣ್ಣು ಬಿಡಬೇಕು ಎಂಬುದು ಬಲ್ಲವರ ಕೆಲಸ, ತಪ್ಪಿದರೆ ವರ್ಷದ ಬೆಳೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅವರ ಸಮರ್ಪಣಾ ಭಾವವನ್ನು ಯಾರೂ ಕೊಂಡಾಡುವುದಿಲ್ಲ, ಲೆಕ್ಕ ಚುಕ್ತಾ ಮಾಡುತ್ತಾರೆ. ಮರ್ಯಾದೆ ಎಂದರೆ ಅದು. ಮಗುವಿನ ಬೆರಳು ತಿದ್ದುವವರಿಗೆ ಮಾತ್ರ ಅದು ಅನ್ವಯಿಸುವುದಿಲ್ಲವೇಕೆ?

ಉತ್ತರ ಸಿದ್ಧವಿದೆ: ‘ನಮ್ಮ ಪರಂಪರೆಯಲ್ಲಿ ವಿದ್ಯೆಯನ್ನು ಮಾರುತ್ತಿರಲಿಲ್ಲ.’ ಈ ಪರಂಪರೆಯನ್ನು ಓದುವುದೇ ಈಗ ನನ್ನ ಕಸುಬು. ಉತ್ತರ ಕರ್ನಾಟಕದ ಕಂಪನಿ ನಾಟಕಗಳ ಸಂಗೀತದ ಮೇಲೆ ನನ್ನ ಪಿಎಚ್.ಡಿ. ನಾನು ಓದಿದ ಮಟ್ಟಿಗೆ, ಬರೀ ಸಮರ್ಪಣಾ ಭಾವ ತಿಂದು ಬದುಕಿದ ಒಬ್ಬ ದೊಡ್ಡ ಗುರುವೂ ನನಗೆ ಸಿಕ್ಕಿಲ್ಲ. ಪ್ರತಿಯೊಬ್ಬರ ಹಿಂದೆಯೂ ಅನ್ನದ ಒಂದು ಏರ್ಪಾಡು ಇತ್ತು.

ನಮ್ಮ ದಾರಿಯಲ್ಲಿಯೇ ಇರುವ ಸಾಕ್ಷಿ ನೋಡಿ. ವಿಜಯಪುರದ ಪಕ್ಕದ ತೊರವಿಯಲ್ಲಿ ಸಂಗೀತ ಮಹಲ್ ಪಾಳುಬಿದ್ದು ನಿಂತಿದೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಕಟ್ಟಲು ಹೊರಟ ನವರಸಪುರ ಅದು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ‘ಜಗದ್ಗುರು’ ಎಂದು ಕರೆಸಿಕೊಂಡ ಈ ಬಾದಶಹ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದ. ಸರಸ್ವತಿಯನ್ನೂ ಗೇಸೂದರಾಜರನ್ನೂ ಒಂದೇ ಪುಸ್ತಕದಲ್ಲಿ ನೆನೆದ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದರ ಮೇಲೂ ಹಾಡು ಕಟ್ಟಿದ. ವಾದ್ಯಕ್ಕೆ ಹೆಸರಿಡುವಷ್ಟು ಹುಚ್ಚಿದ್ದ ಆ ಅರಸ, ಸಂಗೀತಗಾರರಿಗೆ ಖಜಾನೆಯಿಂದ ಕೊಡಬೇಕಾಗುತ್ತದೆ ಎಂಬುದನ್ನೂ ಅರಿತಿದ್ದ. ಅರಸೊತ್ತಿಗೆ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಕೊಡುವವರೊಬ್ಬರು ಇದ್ದರು, ಅಷ್ಟೇ.

ಗದಗಿನ ಪಂಚಾಕ್ಷರಿ ಗವಾಯಿಗಳ ಕಥೆಯನ್ನು ನಮ್ಮಲ್ಲಿ ಕೈಮುಗಿದು ಹೇಳುತ್ತಾರೆ. ನಾನೂ ಕೈಮುಗಿಯುತ್ತೇನೆ. ಆದರೆ ಕಣ್ಣಿಲ್ಲದ ಆ ಬಾಲಕ ನೀಲಕಂಠಬುವಾ ಮಿರಜಕರ ಅವರಲ್ಲಿ ಕಲಿಯುವಂತಾದದ್ದು ಹಾನಗಲ್ ಕುಮಾರಸ್ವಾಮಿಗಳು ಅದಕ್ಕೆ ವ್ಯವಸ್ಥೆ ಮಾಡಿದ್ದರಿಂದ. ಮುಂದೆ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು, ಊರೂರು ತಿರುಗಿದರು. ಭಕ್ತರು ಮಾಡಿದ ತುಲಾಭಾರಗಳ ಹಣವೂ ಆಶ್ರಮಕ್ಕೇ ಹೋಯಿತು. 2010ರಲ್ಲಿ ಅವರು ತೀರಿಕೊಂಡಾಗ ಸೇರಿದ ಜನಸಾಗರವನ್ನು ನೆನೆಯುವವರು, ಆ ಮಹಾನುಭಾವರಿಗೂ ಗಲ್ಲಾಪೆಟ್ಟಿಗೆ ಬೇಕಾಗಿತ್ತು ಎಂಬುದನ್ನು ಯಾಕೆ ಮರೆಯುತ್ತಾರೆ? ಸವಾಯಿ ಗಂಧರ್ವರು ನಾಟಕ ಕಂಪನಿಗಳಲ್ಲಿ ದುಡಿದರು. ಭಾಸ್ಕರಬುವಾ ಬಖಲೆ ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು, ಸಂಬಳಕ್ಕೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಎಷ್ಟೋ ಕಲಾವಿದರ ಮನೆಯ ಒಲೆ ಉರಿಸಿತು. ಸಿತಾರಿನ ಬಾಲೇಖಾನರೂ ಅಲ್ಲಿ ನೌಕರಿ ಮಾಡಿದವರೇ.

ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಗುರುಗಳ ಮನೆಗೆ ಕೊಡದಲ್ಲಿ ನೀರು ಹೊತ್ತ ಕಥೆಯನ್ನು ಭಕ್ತಿಯ ಕಥೆಯಾಗಿ ಕೇಳಿದ್ದೇವೆ. ನನಗೆ ಅದು ಶುಲ್ಕದ ಕಥೆಯಾಗಿಯೂ ಕಾಣುತ್ತದೆ. ಕೈಯಲ್ಲಿ ಕಾಸಿಲ್ಲದ ಶಿಷ್ಯ ಹೆಗಲಿನಿಂದ ತೀರಿಸಿದ. ಗುರುಕುಲ ಪುಕ್ಕಟೆಯಾಗಿರಲಿಲ್ಲ, ಅಲ್ಲಿಯ ಲೆಕ್ಕ ಬೇರೆ ನಾಣ್ಯದಲ್ಲಿತ್ತು. ಇವತ್ತು ನಾವು ನೀರೂ ಹೊರುವುದಿಲ್ಲ, ಕಾಸೂ ಕೊಡುವುದಿಲ್ಲ, ಪರಂಪರೆಯ ಮಾತು ಮಾತ್ರ ಉಳಿಸಿಕೊಂಡಿದ್ದೇವೆ. ದರ್ಬಾರು ಹೋಯಿತು, ಕಂಪನಿಗಳು ಬಡವಾದವು, ಆಕಾಶವಾಣಿಯ ಕಲಾವಿದರು ನಿವೃತ್ತರಾದ ಮೇಲೆ ಅವರ ಕುರ್ಚಿಗಳು ಖಾಲಿ ಉಳಿದವು. ಇವಿಷ್ಟೂ ಬಿಟ್ಟುಹೋದ ಜಾಗ ತುಂಬುವ ಕೆಲಸವನ್ನು ಹೊನವಾಡದಂಥ ಊರಿನ ಒಬ್ಬ ಮಾಸ್ತರ ‘ಸಮರ್ಪಣಾ ಭಾವ’ಕ್ಕೆ ಹೊರಿಸಿದ್ದೇವೆ.

ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು, ಆದ್ದರಿಂದ ಇಲ್ಲಿ ಇನ್ನೊಂದು ಅಸ್ತ್ರವೂ ಬರುತ್ತದೆ: ಕಾಯಕ. ‘ಅವರದು ಕಾಯಕವ್ವ, ಅದಕ್ಕ ರೊಕ್ಕದ ಮಾತ್ಯಾಕ?’ ಹಿರಿಯರೊಬ್ಬರು ನನಗೆ ಮುಖಕ್ಕೇ ಹೇಳಿದರು. ಶರಣರ ಬಗ್ಗೆ ಇದಕ್ಕಿಂತ ದೊಡ್ಡ ಅಪಚಾರ ಇಲ್ಲ. ಕಾಯಕದ ಜೊತೆಗೇ ದಾಸೋಹ ಬರುತ್ತದೆ. ದುಡಿಮೆಯಿಂದ ಬಂದದ್ದರಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹಂಚುವುದು ಅದು. ದುಡಿಮೆಯಿಂದ ಏನೂ ಬಾರದಿದ್ದರೆ ಹಂಚುವುದು ಏನನ್ನು? ನೇಕಾರ, ಚಮ್ಮಾರ, ಅಂಬಿಗ ಎಲ್ಲರೂ ತಮ್ಮ ಕೆಲಸಕ್ಕೆ ಬೆಲೆ ಪಡೆದೇ ಶರಣರಾದವರು. ದುಡಿಸಿಕೊಂಡು ಕೊಡದಿರುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಅದು ಬಿಟ್ಟಿ ಚಾಕರಿ.

ಇನ್ನು ಕೆಲವರ ತಕರಾರು ವಾದ್ಯದ ಮೇಲೆಯೇ. ತಬಲಾ, ಕೊಳಲು ಕಲಿಸಿದ್ದರೆ ಸಹಾಯ ಮಾಡಬಹುದಿತ್ತು, ಗಿಟಾರ್ ನಮ್ಮದಲ್ಲವಲ್ಲ ಎನ್ನುತ್ತಾರೆ. ಹೀಗೆ ಹೇಳಿದವರೊಬ್ಬರ ಮನೆಯ ಮುಂದಿನ ಗುಡಿಯಲ್ಲಿ ಪ್ರತಿ ಸೋಮವಾರ ಭಜನೆ, ಅದಕ್ಕೆ ಹಾರ್ಮೋನಿಯಂ. ನಾವು ‘ಪೇಟಿ’ ಎಂದು ಕರೆದು ಮನೆಮಗಳ ಹಾಗೆ ಮಾಡಿಕೊಂಡಿರುವ ಆ ವಾದ್ಯ ಯುರೋಪಿನಿಂದ ಬಂದದ್ದು. ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಹಾಕಿತು, ಮೂರು ದಶಕ ತೆರೆಯಲಿಲ್ಲ. ಆ ಮೂರು ದಶಕಗಳಲ್ಲಿ ಪೇಟಿ ಸತ್ತಿತೇ? ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆಯವರು ಅದನ್ನೇ ನುಡಿಸುತ್ತ, ಸಂಗೀತ ಶಾಲೆ ಕಟ್ಟಿ ತಲೆಮಾರುಗಳಿಗೆ ಕಲಿಸುತ್ತ ತಮ್ಮ ತೊಂಬತ್ತು ದಾಟಿದ ಆಯುಷ್ಯ ಕಳೆದರು. ಪಿಟೀಲು ಬಂದದ್ದೂ ಅಲ್ಲಿಂದಲೇ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನನ್ನು ಈಗ ಯಾರಾದರೂ ಪರದೇಶದ್ದೆಂದು ಹಳಿದಾರೆಯೇ? ಗಿಟಾರಿನ ಮಟ್ಟಿಗೇ ಹೇಳುವುದಾದರೆ, ಬ್ರಿಜ್‌ಭೂಷಣ್ ಕಾಬ್ರಾ ಅವರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಾಗ ನುಡಿಸಿ, 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರ ಜೊತೆ ಕೂತು ಅರ್ಧ ಶತಮಾನಕ್ಕೂ ಮೇಲಾಯಿತು. ನಮ್ಮ ಮಾಸ್ತರು ಗಿಟಾರಿನ ಮೇಲೆ ಮೊದಲು ಕಲಿಸಿದ್ದೇ ಆ ಸೋಮವಾರದ ಭಜನೆಯ ಮಟ್ಟುಗಳು. ವಾದ್ಯದ ಜಾತಿ ಕೇಳುವವರು ದುಡ್ಡು ಉಳಿಸುವ ದಾರಿ ಹುಡುಕುತ್ತಿರುತ್ತಾರೆ ಎಂಬುದು ನನ್ನ ಅನುಭವ. ತಬಲಾ ಕಲಿಸುವವರಿಗೂ ಅವರು ಕೊಟ್ಟದ್ದು ಶಾಲೇ.

ಶಾಲಿನಿಂದ ಶಾಲೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಖಾಸಗಿ ಶಾಲೆಯವರು (ಹೆಸರು ಬೇಡ) ಗ್ಯಾದರಿಂಗಿಗೆ ಮಕ್ಕಳನ್ನು ತಯಾರು ಮಾಡಲು ಮಾಸ್ತರನ್ನು ಕರೆದರು. ಎರಡು ತಿಂಗಳು, ದಿನಾ ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ ಬಂದರು. ಕಾರ್ಯಕ್ರಮ ಭರ್ಜರಿಯಾಯಿತು. ಪೆಂಡಾಲಿನವನಿಗೆ ರೊಕ್ಕ, ಲೈಟಿನವನಿಗೆ ರೊಕ್ಕ, ಅಡುಗೆಯವರಿಗೆ ರೊಕ್ಕ. ಮಾಸ್ತರಿಗೆ ಸನ್ಮಾನ. ಬಸ್ಸಿನ ಖರ್ಚು ಕೇಳಲು ಅವರಿಗೇ ಸಂಕೋಚವಾಯಿತಂತೆ. ವೇದಿಕೆಯ ಮೇಲೆ ಅಷ್ಟು ಹೊಗಳಿದ ಮೇಲೆ ಹೇಗೆ ಕೇಳುವುದು? ಹೊಗಳಿಕೆ ಬಾಯಿ ಮುಚ್ಚಿಸುತ್ತದೆ, ಅದರ ಕೆಲಸವೇ ಅದು.

ಸರ್ಕಾರಿ ಶಾಲೆಯ ಕಥೆ ಏನು? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಓದಿ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದು ಅದರಲ್ಲಿದೆ. ಕಾನೂನೇ ಹೀಗೆ ಹೇಳುತ್ತದೆ, ಯಾರ ಔದಾರ್ಯವೂ ಅಲ್ಲ. ನಿಮ್ಮೂರಿನ ಶಾಲೆಗೆ ಹೋಗಿ ಸಂಗೀತ ಕಲಿಸುವವರು ಯಾರು ಎಂದು ಕೇಳಿ ನೋಡಿ. ಗಣಿತದ ಮೇಡಂ ಸ್ವಾತಂತ್ರ್ಯ ದಿನಾಚರಣೆಗೆ ಎರಡು ದೇಶಭಕ್ತಿಗೀತೆ ಹೇಳಿಕೊಡುತ್ತಾರೆ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಪಾಪ, ಆ ಮೇಡಂ ಅವರದೂ ಸಮರ್ಪಣಾ ಭಾವವೇ. ಮುಪ್ಪಾಗಿ ಕಷ್ಟಕ್ಕೆ ಬಿದ್ದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ, ಬೇಡವೆನ್ನುವುದಿಲ್ಲ. ಆದರೆ ನಲವತ್ತರ ಹರೆಯದಲ್ಲಿ, ಕಲಿಸುವ ಕಸುವಿದ್ದಾಗ ಏನೂ ಕೊಡದೆ, ಕೈ ನಡುಗಲು ಶುರುವಾದ ಮೇಲೆ ಅರ್ಜಿ ಹಾಕು ಎನ್ನುವುದು ಎಂಥ ನ್ಯಾಯ?

ನನ್ನದೇ ಲೆಕ್ಕವನ್ನೂ ಮೇಜಿನ ಮೇಲೆ ಇಡುತ್ತೇನೆ. ಯುಜಿಸಿಯ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ತೀರಿಹೋದ ಸಂಗೀತ ಮಾಸ್ತರುಗಳ ಬಗ್ಗೆ ಬರೆಯಲು ಈ ದೇಶ ನನಗೆ ಅಷ್ಟು ಕೊಡುತ್ತದೆ. ಅದು ನನ್ನ ಹಕ್ಕು, ತಡವಾಗಿ ಬಂದಾಗ ಜಗಳವನ್ನೂ ಮಾಡುತ್ತೇನೆ. ಸಂಶೋಧಕಿಗೆ ಸಮರ್ಪಣಾ ಭಾವ ಸಾಕು, ಫೆಲೋಶಿಪ್ ಯಾಕೆ ಎಂದು ಯಾರಾದರೂ ಹೇಳಿದರೆ ನನ್ನ ವಾರಿಗೆಯವರೆಲ್ಲ ಬೀದಿಗಿಳಿಯುತ್ತೇವೆ. ಬದುಕಿರುವ ಮಾಸ್ತರ ಪಾಲಿಗೆ ಮಾತ್ರ ಅದೇ ಮಾತು ಪ್ರಶಸ್ತಿಪತ್ರವಾಗಿಬಿಡುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಕೂತ ನಾವೂ ‘ದೇಸಿ’, ‘ಜನಪರ’, ‘ಪರಂಪರೆ’ ಎಂದು ಪ್ರಬಂಧ ಬರೆಯುತ್ತೇವೆ. ಕಲೆಯ ಅನ್ನದ ಲೆಕ್ಕ ಬರೆದ ಅಧ್ಯಾಯ ಎಷ್ಟು ಪ್ರಬಂಧಗಳಲ್ಲಿದೆ, ಯಾರಾದರೂ ಎಣಿಸಲಿ.

ಈಗಿನ ಸ್ಥಿತಿ ಹೇಳುತ್ತೇನೆ. ಕಳೆದ ವರ್ಷದಿಂದ ಮಾಸ್ತರು ಕೋಲ್ಡ್ ಸ್ಟೋರೇಜೊಂದರಲ್ಲಿ ರಾತ್ರಿ ಪಾಳಿಗೆ ಹೋಗುತ್ತಿದ್ದಾರೆ, ಮಣೂಕದ ಪೆಟ್ಟಿಗೆ ಎಣಿಸುವ ಕೆಲಸ. ಮಗಳ ಕಾಲೇಜು ಫೀಸು ತುಂಬಬೇಕು. ದಿನಾ ಸಂಜೆ ನಡೆಯುತ್ತಿದ್ದ ಕ್ಲಾಸು ಈಗ ಭಾನುವಾರ ಮಾತ್ರ, ಅದೂ ನಿದ್ದೆಗಣ್ಣಿನಲ್ಲಿ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು, ನನಗಿಂತ ಚೆನ್ನಾಗಿ ನುಡಿಸುತ್ತಿದ್ದಳು. ಮನೆಯಲ್ಲಿ ಗಿಟಾರ್ ಇಲ್ಲ, ಕ್ಲಾಸಿನಲ್ಲಿ ನುಡಿಸಿದ್ದೇ ಅಭ್ಯಾಸ. ಭಾನುವಾರ ಅವಳಿಗೆ ತೋಟದ ಕೆಲಸ. ಬೆರಳ ತುದಿಯ ದಡ್ಡು ಕೆಲವು ವಾರ ತಂತಿ ಮುಟ್ಟದಿದ್ದರೆ ಮೆತ್ತಗಾಗುತ್ತದೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ತನ್ನ ಬೆರಳು ತೋರಿಸಿ ‘ನೋಡ್ರಿ ಅಕ್ಕಾರ, ಹೋಗೇಬಿಟ್ಟೈತಿ’ ಎಂದು ನಕ್ಕಳು.

ಕೇಳುತ್ತಿರುವುದು ಕಷ್ಟದ್ದೇನಲ್ಲ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದಾರೆ. ಸಂಜೆ ಎರಡು ತಾಸು ಅಂಥ ಒಂದು ಕೋಣೆ ಬಿಟ್ಟುಕೊಡಲಿ. ಶಾಲಾಭಿವೃದ್ಧಿ ಸಮಿತಿಯವರು ಅರೆಕಾಲಿಕ ಕಲಾ ಬೋಧಕರಿಗಾಗಿ ಶಿಕ್ಷಣ ಇಲಾಖೆಗೆ ಬರೆಯಲಿ, ಉತ್ತರ ಬಾರದಿದ್ದರೆ ಮತ್ತೆ ಬರೆಯಲಿ. ತೋಟವಿದ್ದವರು ತಿಂಗಳ ಫೀಸನ್ನು ತಿಂಗಳಿಗೇ ಕೊಡಲಿ, ಇಲ್ಲದವರ ಮಕ್ಕಳ ಪಾಲನ್ನು ಊರಿನ ಜಾತ್ರಾ ಸಮಿತಿ ತುಂಬಲಿ. ಒಂದು ರಾತ್ರಿಯ ರಸಮಂಜರಿಗೆ ಹೊರಗಿನ ತಂಡ ತರಿಸುವ ಖರ್ಚು ಎಷ್ಟೆಂದು ಸಮಿತಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಲಿತು ನೌಕರಿ ಹಿಡಿದ ನಾವು ಏಳೆಂಟು ಜನ ಹಳೆಯ ವಿದ್ಯಾರ್ಥಿಗಳು ಜೂನ್ ತಿಂಗಳಿಂದ ಕೂಡಿಸಿ ಕಳಿಸುತ್ತಿದ್ದೇವೆ. ಮೊದಲ ತಿಂಗಳು ಮಾಸ್ತರು ಅದನ್ನು ವಾಪಸು ಕಳಿಸಿದರು. ಎರಡನೇ ತಿಂಗಳು ‘ಇದು ದಕ್ಷಿಣೆ ಅಲ್ರಿ ಸರ, ಪಗಾರ’ ಎಂದು ಬರೆದು ಕಳಿಸಿದೆವು, ಇಟ್ಟುಕೊಂಡರು. ರಾತ್ರಿ ಪಾಳಿ ಬಿಡುವಷ್ಟು ಅದು ಇನ್ನೂ ಆಗಿಲ್ಲ. ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಕೋಲ್ಡ್ ಸ್ಟೋರೇಜಿನವರು ಅವರನ್ನು ಪೂರ್ಣಾವಧಿಗೆ ಕೇಳಿದ್ದಾರೆ, ಉತ್ತರಕ್ಕೆ ದಸರೆಯ ತನಕ ಸಮಯ ಕೊಟ್ಟಿದ್ದಾರೆ.